ಅಣ್ಣನ ಮಗನ ಚಿತ್ರಪುಸ್ತಕಕ್ಕೆ ಅಕ್ಷರ ಬರೆದದ್ದು

ನನಗೆ ಸೊಟ್ಟ ಗೆರೆ ಕಂಡರೆ ಆಗುವುದಿಲ್ಲ. ಮದುವೆಮನೆಯ ಬಾಗಿಲಲ್ಲಿ ರಂಗೋಲಿಯ ಒಂದು ಎಳೆ ಆಚೀಚೆ ಆಗಿದ್ದರೂ ಸಾಕು, ಒಳಗೆ ಊಟಕ್ಕೆ ಕೂತಾಗಲೂ ನನ್ನ ಮನಸ್ಸು ಆ ಎಳೆಯ ಮೇಲೇ ಇರುತ್ತದೆ. ಬಾಲಾನಗರದ ಒಂದು ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಆಯುಷ್ಯ ಕಳೆದವಳು ನಾನು. ಕಂಪ್ಯೂಟರ್ ಬರುವ ಮುಂಚೆ ಯಂತ್ರದ ಬಿಡಿಭಾಗಗಳ ನಕ್ಷೆಗಳನ್ನು ಟ್ರೇಸಿಂಗ್ ಹಾಳೆಯ ಮೇಲೆ ಇಂಕಿನಲ್ಲಿ ಎಳೆಯುತ್ತಿದ್ದೆವು. ತಪ್ಪಾದರೆ ಅರ್ಧ ಬ್ಲೇಡಿನಿಂದ ಆ ಇಂಕನ್ನು ಮೆಲ್ಲಗೆ ಕೆರೆದು, ಉಗುರಿನಿಂದ ಉಜ್ಜಿ ನಯ ಮಾಡಿ, ಮತ್ತೆ ಎಳೆಯಬೇಕು. ನಾನು ಕೆರೆದ ಜಾಗ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ನನ್ನ ಪೆನ್ಸಿಲ್ ಡಬ್ಬಿಯಲ್ಲಿ ಅರ್ಧ ಬ್ಲೇಡು ಇದ್ದೇ ಇರುತ್ತದೆ.

ಇದನ್ನೆಲ್ಲ ಜಂಬಕ್ಕೆ ಹೇಳುತ್ತಿಲ್ಲ. ಸ್ವಲ್ಪ ಜಂಬಕ್ಕೂ ಹೌದು. ಯಾಕೆಂದರೆ ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಅಣ್ಣನ ಮಗ ಬೇಗಂಪೇಟೆಯ ನಮ್ಮ ಮನೆಗೆ ಬಂದು, ಊಟದ ಟೇಬಲ್ಲಿನ ಮೇಲೆ ಒಂದು ದಪ್ಪ ಫೈಲು ಇಟ್ಟು, “ಅತ್ತಿ, ನಿಮ್ಮ ಕೈ ಬೇಕಾಗೈತ್ರಿ” ಎಂದ.

“ಕೈ ಅಷ್ಟ ಬೇಕೇನು? ಉಳಿದದ್ದು ಬ್ಯಾಡೇನು?” ಎಂದೆ. ನಕ್ಕ. ಅವನು ನಕ್ಕರೆ ತೀರಿಹೋದ ನಮ್ಮಪ್ಪನ ನೆನಪಾಗುತ್ತದೆ, ಇಬ್ಬರದೂ ಒಂದೇ ಕಡೆಯ ಕೆನ್ನೆ ಮೇಲೇರುತ್ತದೆ.

ಫೈಲಿನ ತುಂಬ ಚಿತ್ರಗಳಿದ್ದವು. ಅವನು ಮಣಿಕೊಂಡದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಅಲ್ಲೇ ಹತ್ತಿರದ ಒಂದು ಕಂಪನಿಯಲ್ಲಿ ಮೊಬೈಲಿನ ಪರದೆಗಳನ್ನು ಚಂದ ಮಾಡುವ ಕೆಲಸದಲ್ಲಿದ್ದಾನೆ. ರಜೆಯ ದಿನಗಳಲ್ಲಿ ಏನೋ ಗೀಚುತ್ತಾನೆ ಎಂದು ನಮಗೆ ಗೊತ್ತಿತ್ತು. ಗೀಚುತ್ತಿದ್ದದ್ದು ತನ್ನ ಕಥೆಯನ್ನೇ ಎಂದು ಗೊತ್ತಿರಲಿಲ್ಲ. ದಪ್ಪ ಹಾಳೆ, ಕಪ್ಪು ಇಂಕು, ಒಂದೊಂದು ಪುಟದಲ್ಲಿ ನಾಲ್ಕಾರು ಚೌಕ. ಆ ಚೌಕಗಳಲ್ಲಿ ನಮ್ಮ ಮನೆ, ನಮ್ಮ ಓಣಿ, ಸ್ಟೇಷನ್ನಿನ ಮೇಲ್ಸೇತುವೆ, ನಾನು ಕೂಡ. ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ಯಾರನ್ನೋ ಬೈಯುತ್ತಿದ್ದೇನೆ. ಹೌದಪ್ಪ, ಹಾಗೇ ಇರುವುದು ನಾನು.

ಅವನು ಹುಟ್ಟಿದಾಗ ಹೆಣ್ಣುಕೂಸು ಅಂತ ಓಣಿಗೆಲ್ಲ ಪೇಢೆ ಹಂಚಿದ್ದೆವು. ಕಾಲೇಜು ಮುಗಿಸಿದ ಮೇಲೆ ಒಂದು ದಿನ ಎಲ್ಲರನ್ನೂ ಕೂಡಿಸಿ, ತಾನು ಹೆಣ್ಣಲ್ಲ, ಗಂಡು, ಬುದ್ಧಿ ಬಂದಾಗಿನಿಂದ ತನಗಿದು ಗೊತ್ತಿದೆ ಎಂದು ಹೇಳಿದ. ಅಣ್ಣ ಎದ್ದುಹೋದ, ಸ್ವಲ್ಪ ದಿನ ಬಿಟ್ಟು ತಾನಾಗಿಯೇ ಮಗನಿಗೆ ಫೋನ್ ಮಾಡಿದ. ವೈನಿ, ಎಂದರೆ ಅಣ್ಣನ ಹೆಂಡತಿ, ಅತ್ತಳು, ಅಳು ಮುಗಿದ ಮೇಲೆ ಅವನ ಚೂಡಿದಾರುಗಳನ್ನೆಲ್ಲ ಗಂಟು ಕಟ್ಟಿ ಯಾರಿಗೋ ಕೊಟ್ಟು ಬಂದಳು. ನನ್ನ ತಲೆಗೆ ವಿಷಯ ಪೂರ್ತಿ ಹೊಕ್ಕಿತ್ತು ಎಂದು ಹೇಳಲಾರೆ. ಆದರೆ ಹೇಳಿ ಮುಗಿಸಿದಾಗಿನ ಅವನ ಮುಖ ನೋಡಿದೆ, ಅಷ್ಟು ಹಗುರಾದ ಮುಖ ಆ ಮನೆಯಲ್ಲಿ ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ಅಷ್ಟು ಸಾಕಾಯಿತು.

ಅವ್ವ ಮಾತ್ರ ಏನೂ ಅನ್ನಲಿಲ್ಲ. ಅವ್ವ ಎಂದರೆ ನನ್ನ ಜೊತೆಗೇ ಇರುವ ನನ್ನ ತಾಯಿ, ಅವನ ಅಜ್ಜಿ. ಅಣ್ಣ-ವೈನಿ ಇಬ್ಬರೂ ನೌಕರಿಯವರಾದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಆ ದಿನ ಮೆಂತೆಪಲ್ಯೆ ಸೋಸುತ್ತ, ಕಡ್ಡಿಯಿಂದ ಎಲೆ ಬಿಡಿಸುತ್ತ ಕೂತಿದ್ದಳು, ಸೋಸುತ್ತಲೇ ಇದ್ದಳು. ಆಮೇಲೂ ಅವನು ಬಂದರೆ ಬಿಸಿರೊಟ್ಟಿ ಹಾಕುವುದು, ಬೆಣ್ಣೆ ಬಡಿಸುವುದು ಏನೂ ತಪ್ಪಲಿಲ್ಲ. ಮಾತಾಡಿಸುವಾಗ ಮೊದಲಿನಂತೆ “ಕೂಸ, ಇನ್ನೊಂದು ಹಾಕಲೇನು?” ಎನ್ನುವಳು. ಆದರೆ ಆ ವಿಷಯ ಎತ್ತಿದರೆ ಎದ್ದು ದೇವರ ಮನೆಗೆ ಹೋಗುವಳು.

ಒಂದು ಮಾತ್ರ ತಪ್ಪಿಹೋಗಿತ್ತು. ನಮ್ಮಲ್ಲಿ ಬಟ್ಟೆಗೆ ಅರಿವಿ ಎನ್ನುತ್ತೇವೆ. ದೀಪಾವಳಿಗೆ ಮನೆಮಂದಿಯ ಹೊಸ ಅರಿವಿಗಳನ್ನು ದೇವರ ಮುಂದಿನ ಮಣೆಯ ಮೇಲಿಟ್ಟು, ಅವ್ವ ಬೆರಳು ನೀರಲ್ಲಿ ಅದ್ದಿ ಒಂದೊಂದರ ಅಂಚಿಗೂ ಕುಂಕುಮ ಹಚ್ಚಿ ಕೊಡುತ್ತಾಳೆ. ಬೇರೆ ದಿನ ಕೊಂಡು ತಂದರೂ ಅಷ್ಟೆ, ಮೊದಲು ಅವಳ ಕೈಗೆ ಹೋಗಬೇಕು. ಕುಂಕುಮ ಹಚ್ಚುವ ತನಕ ಅದು ಅವಳ ಪಾಲಿಗೆ ಅಂಗಡಿಯ ಮಾಲು, ಮನೆಯವರ ಅರಿವಿಯಲ್ಲ. ಆ ದಿನದ ಮೇಲೆ ಬಂದ ಹಬ್ಬಗಳಲ್ಲಿ ಮಣೆಯ ಮೇಲೆ ಎಲ್ಲರ ಅರಿವಿ ಇರುತ್ತಿತ್ತು, ಅವನದು ಮಾತ್ರ ಇರುತ್ತಿರಲಿಲ್ಲ. ಚೂಡಿದಾರು ತರಲು ಅವ್ವನಿಗೆ ಮನಸ್ಸಾಗಲಿಲ್ಲ, ಅಂಗಿ ತರಲು ಕೈ ಬರಲಿಲ್ಲ. ಅವನು ಕೇಳಲಿಲ್ಲ. ನಾವೂ ಯಾರೂ ಬಾಯಿ ಬಿಡಲಿಲ್ಲ.

ಈಗ ಫೈಲು ಮುಂದಿಟ್ಟುಕೊಂಡು ಅವನು ಕೇಳಿದ್ದು ಇಷ್ಟು. ಚಿತ್ರಗಳಲ್ಲಿ ಮಾತು ಬರೆಯುವ ಬಲೂನುಗಳೆಲ್ಲ ಖಾಲಿ ಇದ್ದವು. ಅವನ್ನು ಕನ್ನಡದಲ್ಲಿ ನಾನು ಕೈಯಿಂದ ಬರೆದುಕೊಡಬೇಕು. ಅವನು ಓದಿದ್ದು ಇಂಗ್ಲಿಷ್ ಶಾಲೆ, ಅಲ್ಲಿ ಎರಡನೇ ಭಾಷೆ ತೆಲುಗು. ಮನೆಯ ಕನ್ನಡ ನಾಲಿಗೆಯ ಮೇಲಿದೆ, ಬರೆಯ ಹೋದರೆ ಒತ್ತಕ್ಷರಗಳೆಲ್ಲ ಎಡವಿ ಬೀಳುತ್ತವೆ.

“ಇಂಗ್ಲಿಷಿನ್ಯಾಗ ಬರದ್ರ ಆಗೂದಿಲ್ಲೇನು? ಈ ಊರಾಗ ಕನ್ನಡ ಓದೋರು ಯಾರದಾರ?” ಎಂದೆ.

“ಅಜ್ಜಿ ಅದಾಳಲ್ರಿ” ಎಂದ. “ಅಜ್ಜಿ ಓದಬೇಕು ಅತ್ತಿ. ಬಾಯಿಲೆ ಹೇಳಿದ್ದು ಆಕಿಗೆ ಮುಟ್ಟಲಿಲ್ಲ. ಇದನ್ನ ನೋಡಿ ಬ್ಯಾಡ ಅಂದ್ಲಂದ್ರ, ಆಕಿ ಇರೋ ಪುಟ ಎಲ್ಲಾ ತಗದ್ಬಿಡ್ತೀನಿ.”

ಫೈಲು ತಿರುವಿ ನೋಡಿದೆ. ಅವ್ವ ಇಲ್ಲದ ಪುಟ ಹುಡುಕಬೇಕಾಗಿತ್ತು. ಅವಳನ್ನು ತೆಗೆದರೆ ಅಲ್ಲಿ ಪುಸ್ತಕವೇ ಉಳಿಯುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಒಂದು ಸಣ್ಣ ಪ್ರಕಾಶನದವರು ಅಚ್ಚು ಹಾಕಲು ಒಪ್ಪಿದ್ದರು, ಯುಗಾದಿಯೊಳಗೆ ಪುಟಗಳು ಬೇಕು ಎಂದಿದ್ದರು. ಇಷ್ಟು ವರ್ಷದ ಅವನ ದುಡಿಮೆಯೆಲ್ಲ ಈಗ ದೇವರ ಮನೆಗೆ ಎದ್ದುಹೋಗುವ ಆ ಒಬ್ಬ ಮುದುಕಿಯ ಕೈಯಲ್ಲಿತ್ತು.

ಅಕ್ಷರ ಬರೆಯುವ ಮುಂಚೆ ಇಂಥ ಪುಸ್ತಕಗಳು ಹೇಗಿರುತ್ತವೆ ನೋಡ್ರಿ ಎಂದು ಅವನು ತನ್ನ ಕಪಾಟಿನಿಂದ ಒಂದಿಷ್ಟು ತಂದುಕೊಟ್ಟ. ಬೇರೆ ಬೇರೆ ದೇಶದವರು, ತಾವು ಹೆಣ್ಣೋ ಗಂಡೋ ಎರಡೂ ಅಲ್ಲವೋ ಎಂದು ತಮ್ಮನ್ನು ತಾವು ಹುಡುಕಿಕೊಂಡ ಬಗೆಯನ್ನು ಚಿತ್ರಗಳಲ್ಲಿ ಹೇಳಿದ ಆತ್ಮಕಥೆಗಳು. ಗ್ರಾಫಿಕ್ ಮೆಮೊಯರ್ ಎಂದು ಅದಕ್ಕೆ ಹೆಸರಂತೆ. ಚಿತ್ರದ ಪುಸ್ತಕ ಎಂದರೆ ರೈಲಿನಲ್ಲಿ ಮಕ್ಕಳನ್ನು ಸುಮ್ಮನೆ ಕೂಡಿಸಲು ಕೊಳ್ಳುವಂಥದ್ದು ಎಂದು ತಿಳಿದಿದ್ದವಳು ನಾನು. ಮೊದಲನೆಯದನ್ನು ಗೆರೆಯ ತಪ್ಪು ಹುಡುಕಲೆಂದೇ ತೆರೆದೆ. ಸಿಕ್ಕವು ಕೂಡ. ಕುರ್ಚಿಯ ಕಾಲು ನೆಲಕ್ಕೆ ತಾಗಿಲ್ಲ, ಕಿಟಕಿ ಗೋಡೆಗಿಂತ ದಪ್ಪ. ಆದರೆ ಕೆಲವು ಪುಟ ದಾಟುವಷ್ಟರಲ್ಲಿ ಕುರ್ಚಿಯ ಕಾಲು ಮರೆತೇಹೋಯಿತು. ಆ ಪುಸ್ತಕದಲ್ಲಿ ಬರೆದವರು ತಮ್ಮ ಮುಖವನ್ನೇ ಬಿಡಿಸಿಲ್ಲ. ತಲೆ ಇದೆ, ಕೂದಲಿದೆ, ಮುಖದ ಜಾಗ ಬರೀ ಬಿಳಿ. ಅರ್ಧ ಪುಸ್ತಕವಾದ ಮೇಲೆ ಒಂದು ಕ್ಷೌರದಂಗಡಿಯಿಂದ ಹೊರಗೆ ಬರುತ್ತಾರೆ, ಆ ಪುಟದಲ್ಲಿ ಕಣ್ಣು ಮೂಗು ಬಾಯಿ ಎಲ್ಲ ಇವೆ. ಒಂದು ಮಾತೂ ಇಲ್ಲ. ನಾನು ಕನ್ನಡಕ ತೆಗೆದು ಒರೆಸಿಕೊಂಡೆ, ಕನ್ನಡಕ ಹೊಲಸಾಗಿರಲಿಲ್ಲ.

ಒಂದಾದ ಮೇಲೊಂದು ಎಲ್ಲವನ್ನೂ ಓದಿದೆ. ಕುಕ್ಕರಿನ ಸೀಟಿ ಎಣಿಸುವುದು ಮರೆತು ಬೇಳೆ ಗಂಜಿಯಾಯಿತು. ಎಂಥ ಎದೆಗಾರಿಕೆಯ ಜನ ಇವರು. ಯಾರಾದರೂ ಎದುರಿಗೆ ನಿಂತು ‘ನನಗೆ ಹೀಗನಿಸುತ್ತದೆ’ ಎಂದರೆ ನಾವು ಕೂಡಲೇ ವಾದಕ್ಕೆ ಇಳಿಯುತ್ತೇವೆ. ಹಾಗ್ಯಾಕೆ ಅನಿಸುತ್ತದೆ, ಡಾಕ್ಟರಿಗೆ ತೋರಿಸಿದಿರಾ, ಯಾರ ಸಹವಾಸ ಇದು. ಚಿತ್ರದ ಮುಂದೆ ಆ ವಾದ ಹೂಡಲು ಬಾಯಿ ಬರುವುದಿಲ್ಲ, ಯಾಕೆಂದರೆ ನಾವಾಗಲೇ ಆ ಕೋಣೆಯ ಒಳಗೆ, ಆ ಮಗುವಿನ ಪಕ್ಕದಲ್ಲಿ ನಿಂತಿರುತ್ತೇವೆ. ನಮ್ಮ ಡ್ರಾಯಿಂಗಿನಲ್ಲಿ ಹೊರಗಿನಿಂದ ಕಾಣದ ಅಂಚನ್ನು ತುಂಡು ತುಂಡು ಗೆರೆಯಲ್ಲಿ ತೋರಿಸುತ್ತಿದ್ದೆವು. ಆ ತುಂಡುಗೆರೆ ಇಲ್ಲದಿದ್ದರೆ ವಸ್ತು ಒಳಗೆ ಹೇಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ. ಈ ಜನ ತಮ್ಮ ಬಾಳಿನ ತುಂಡುಗೆರೆಗಳನ್ನು ತಾವೇ ಎಳೆದು, ತಗೊಳ್ಳಿ, ನೋಡಿ ಎಂದು ನಮ್ಮ ಕೈಗಿಟ್ಟಿದ್ದರು.

“ನಿನಗ ಇವು ಎಲ್ಲಿ ಗಂಟುಬಿದ್ದವು?” ಎಂದು ಕೇಳಿದೆ.

“ಮೊದಲನೇದು ಅಬಿಡ್ಸಿನ್ಯಾಗ” ಎಂದ. ಅಲ್ಲಿ ಭಾನುವಾರ ಮುಚ್ಚಿದ ಅಂಗಡಿಗಳ ಮುಂದೆ ಫುಟ್‌ಪಾತಿನ ಮೇಲೆ ಹಳೆ ಪುಸ್ತಕ ಹರವುತ್ತಾರೆ. ಕಾಲೇಜಿನ ಗೈಡು ಹುಡುಕಲು ಹೋದವನಿಗೆ ರಟ್ಟು ಕಿತ್ತುಹೋದ ಒಂದು ಪುಸ್ತಕ ಸಿಕ್ಕಿತಂತೆ. “ನಿಂತಲ್ಲೇ ಓದಿದ್ನಿ ಅತ್ತಿ. ಅಂಗಡಿಯವ ‘ಲೇನಾ ಹೈ ತೋ ಲೋ’, ತಗೊಳ್ಳೂದಿದ್ರ ತಗೋ ಅಂತ ಬೈಯಾಕತ್ತ. ನನ್ಹಂಗ ಇನ್ನೊಬ್ರು ಭೂಮಿ ಮ್ಯಾಲ ಅದಾರ ಅನ್ನೂದು ಅವತ್ತ ಗೊತ್ತಾತು. ಅಲ್ಲೀತನಕ ನಾ ಒಬ್ಬನ ಅಂತ ತಿಳಕೊಂಡಿದ್ದೆ.”

“ಅವತ್ತ ನನಗ ಬಂದು ಹೇಳಬಾರ್ದೇನು?”

“ಏನಂತ ಹೇಳ್ಲಿ? ನನ್ನ ಕಡೆ ಮಾತ ಇರಲಿಲ್ರಿ. ಆ ಚಿತ್ರ ಅಷ್ಟ ಇದ್ದವು.”

ಪ್ರತಿ ಭಾನುವಾರ ಚಹಾ ಆದ ಮೇಲೆ ಊಟದ ಟೇಬಲ್ಲಿನಲ್ಲಿ ಕೂರುತ್ತಿದ್ದೆವು. ಬಲೂನಿನ ಮಾತುಗಳನ್ನು ಅವನು ಇಂಗ್ಲಿಷಿನಲ್ಲಿ ಬರೆದುಕೊಂಡು ಬರುತ್ತಿದ್ದ. ಅದನ್ನು ನಮ್ಮ ಮನೆಯ ಬಾಯಿಗೆ ತಂದು, ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು, ಮೇಲೆ ಇಂಕಿನಲ್ಲಿ ಬರೆಯುವುದು ನನ್ನ ಕೆಲಸ. ಬಿಸಿಲಲ್ಲಿ ಆಡಬೇಡ ಎಂದು ಅಜ್ಜಿ ಹೇಳಿದಳು ಅಂತ ಅವನು ಬರೆದರೆ ನಾನು ‘ಬಿಸಲಾಗ ಅಡ್ಡಾಡಬ್ಯಾಡ, ಕರ್ರಗಾಗ್ತಿ, ಒಳಗ ಬಾ’ ಎಂದು ಬರೆದೆ. ಜೋರಾಗಿ ಓದಿ, “ಅಜ್ಜಿ ಬಂದ್ಲು ನೋಡ್ರಿ ಪುಟದಾಗ” ಎಂದು ನಕ್ಕ. ಒಳಗಿನಿಂದ ಅವ್ವ, “ಏನ ನಡಸೀರಿ ಅತ್ತಿ-ಸೊಸಿ…” ಎಂದವಳು, ಅಣ್ಣನ ಮಗಳಿಗೆ ಅನ್ನುವ ಆ ಹಳೆಯ ಮಾತು ಬಾಯಿಂದ ಬಿದ್ದದ್ದೇ ಅರ್ಧಕ್ಕೇ ನಿಲ್ಲಿಸಿ, ಮಿಕ್ಸರು ಹಾಕಿದಳು. ಅವನು ತಲೆ ಬಗ್ಗಿಸಿಕೊಂಡು ಪೆನ್ಸಿಲು ಚೂಪು ಮಾಡಿದ. ನನಗೆ ಸಿಟ್ಟು ಬಂತು, ಆದರೆ ಮಿಕ್ಸರಿನ ಮುಂದೆ ಯಾರ ಸಿಟ್ಟು ನಡೆಯುತ್ತದೆ.

ಅವನ ಕೈ ಎಂಥದು ಎಂದು ಹೇಳಲೇಬೇಕು. ಒಂದು ಪುಟದಲ್ಲಿ ಅವ್ವ ಬೆಳಿಗ್ಗೆ ಅವನ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದಾಳೆ. ಒಟ್ಟು ಆರು ಚೌಕ. ಎಲ್ಲದರಲ್ಲೂ ಅವ್ವ ಹಿಂದೆ ಕೂತಿದ್ದಾಳೆ, ಮಗು ನಮ್ಮ ಕಡೆ ಮುಖ ಮಾಡಿದೆ. ಜಡೆ ಉದ್ದವಾಗುತ್ತಾ ಬಂದ ಹಾಗೆ ಮಗುವಿನ ತುಟಿ ಬಿಗಿಯುತ್ತದೆ, ಕೈ ಫ್ರಾಕಿನ ಅಂಚನ್ನು ಮುದುರುತ್ತದೆ. ಕೊನೆಯ ಚೌಕದಲ್ಲಿ ಅವ್ವ ಜಡೆಗೆ ಮಲ್ಲಿಗೆ ಮುಡಿಸಿ, ಹಿಂದಿನಿಂದ ಪ್ರೀತಿಯಿಂದ ನೆಟಿಗೆ ಮುರಿಯುತ್ತಿದ್ದಾಳೆ. ಅವ್ವನ ಪ್ರೀತಿಯಲ್ಲಿ ಒಂದಿಷ್ಟೂ ಕಡಿಮೆ ತೋರಿಸಿಲ್ಲ, ಮಗುವಿನ ಸಂಕಟದಲ್ಲೂ ಕಡಿಮೆ ತೋರಿಸಿಲ್ಲ. ಎರಡನ್ನೂ ಒಂದೇ ಚೌಕದಲ್ಲಿ ಕೂಡಿಸಿದ್ದಾನೆ. ಇಡೀ ಪುಸ್ತಕದಲ್ಲಿ ಅವನು ಯಾರನ್ನೂ ಕೆಟ್ಟವರನ್ನಾಗಿ ಮಾಡಿಲ್ಲ, ನಾನಾಗಿದ್ದರೆ ಇಬ್ಬರು ಮೂವರನ್ನಾದರೂ ಮಾಡುತ್ತಿದ್ದೆ.

ದೀಪಾವಳಿಯ ಪುಟವೂ ಇತ್ತು. ಮಣೆಯ ಮೇಲೆ ಅರಿವಿಗಳು, ಒಂದೊಂದರ ಅಂಚಿಗೂ ಅವ್ವನ ಬೆರಳಿನ ಒಂದು ಕಪ್ಪು ಚುಕ್ಕೆ. ಕೊನೆಯ ಪುಟದಲ್ಲಿ ಅವನು ತನ್ನ ಸಂಬಳದಲ್ಲಿ ಕೊಂಡ ಮೊದಲ ಅಂಗಿ, ಚೌಕಳಿಯದು, ಪುಟದ ತುಂಬ ಅದೊಂದೇ. ಮಡಿಕೆ ಬಿಚ್ಚಿ ಹಾಸಿಗೆಯ ಮೇಲೆ ಹರವಿದೆ. ಅಲ್ಲಿ ಬಲೂನಿಲ್ಲ, ನನಗೆ ಬರೆಯಲು ಏನೂ ಇಲ್ಲ. ಆದರೂ ನನ್ನ ಕಣ್ಣು ಸುಮ್ಮನಿರಬೇಕಲ್ಲ.

“ಇಲ್ಲಿ ಕುಂಕುಮ ಹಾಕೋದು ಮರತೀ ನೋಡು” ಎಂದೆ.

“ಮರತಿಲ್ರಿ ಅತ್ತಿ. ಇರಲಿಲ್ಲ” ಎಂದ.

ಅಂಗಿಯ ಗೆರೆಗಳನ್ನು ನೋಡಿದೆ. ಒಂದೂ ಸೊಟ್ಟ ಇರಲಿಲ್ಲ.

ಅಕ್ಷರ ಬರೆದು ಮುಗಿದ ಭಾನುವಾರ ಅವನು ಫೈಲನ್ನು ಅವ್ವನ ಮುಂದಿಟ್ಟು, “ಅಜ್ಜಿ, ನೀ ನೋಡು. ಬ್ಯಾಡ ಅಂದ್ರ ಬ್ಯಾಡ” ಎಂದಷ್ಟೇ ಹೇಳಿ ಮಣಿಕೊಂಡಕ್ಕೆ ಹೊರಟುಹೋದ. ಅವ್ವ ಫೈಲು ಮುಟ್ಟಲಿಲ್ಲ. ಎರಡು ದಿನ ಅದು ಟೇಬಲ್ಲಿನ ಮೇಲೇ ಇತ್ತು, ಅದರ ಸುತ್ತ ತಟ್ಟೆ ಇಟ್ಟುಕೊಂಡು ಊಟ ಮಾಡಿದೆವು. ಬುಧವಾರ ಬೆಳಿಗ್ಗೆ ನಾನು ಹಾಲು ತರಲು ಹೋಗಿ ಬಂದು ನೋಡುತ್ತೇನೆ, ಅವ್ವ ಬಾಲ್ಕನಿಯ ಬಿಸಿಲಿಗೆ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಫೈಲು ಇಟ್ಟುಕೊಂಡು, ಪಂಚಾಂಗ ನೋಡುವ ಭೂತಗನ್ನಡಿ ಹಿಡಿದು ಕೂತಿದ್ದಾಳೆ.

“ನನ್ನ ಮೂಗು ಇಷ್ಟು ದೊಡ್ಡದೈತೇನು?” ಎಂದು ಕೇಳಿದಳು.

“ಸ್ವಲ್ಪ ಸಣ್ಣದ ಮಾಡ್ಯಾನ” ಎಂದೆ.

ಹುಂ ಎಂದಳು. ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತ, ಪುಟ ತಿರುಗುವ ಸಪ್ಪಳಕ್ಕೆ ಕಿವಿ ಕೊಟ್ಟು ನಿಂತೆ. ಒಂದು ಪುಟದ ಹತ್ತಿರ ಸಪ್ಪಳ ನಿಂತುಹೋಯಿತು. ಭಾಳ ಹೊತ್ತಾದ ಮೇಲೆ ಹೋಗಿ ನೋಡಿದರೆ, ಜಡೆಯ ಪುಟ. ಭೂತಗನ್ನಡಿ ಮಗುವಿನ ಮುಖದ ಮೇಲಿತ್ತು.

“ನಾ ಹಿಂದ ಕೂತಿರ್ತಿದ್ದೆ” ಎಂದಳು ಅವ್ವ, ನನ್ನ ಕಡೆ ನೋಡದೆ. “ದಿನಾ ಬಾಚೀನಿ. ಮಾರಿ ನೋಡಿದ್ದಿಲ್ಲ.”

ಅವಳ ಕಣ್ಣಲ್ಲಿ ನೀರಿತ್ತು. ನನಗೂ ಬಂತು. ಮೂರು ವರ್ಷ ನಾವು ಎಲ್ಲರೂ ಸೇರಿ ಬಾಯಿಂದ ಹೇಳಲಾಗದ್ದನ್ನು ಆರು ಚೌಕ ಹೇಳಿದ್ದವು. ಅಜ್ಜಿಯನ್ನು ಹಿಂದಿನಿಂದ ಎಬ್ಬಿಸಿ ತಂದು ಮೊಮ್ಮಗನ ಎದುರಿಗೆ ಕೂಡಿಸಿದ್ದವು. ಇಂಥ ಪುಸ್ತಕ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಆ ಬಾಲ್ಕನಿಯ ಬೆಳಗನ್ನೇ ಹೇಳುತ್ತೇನೆ. ಆದರೆ ಅವ್ವ ಹೂಂ ಎಂದಳೋ ಬೇಡ ಎಂದಳೋ, ಅದು ಮಾತ್ರ ತಿಳಿಯಲಿಲ್ಲ. ಕೇಳಿದರೆ, “ಕೂಸು ಬರಲಿ” ಎಂದು ಫೈಲು ಎತ್ತಿಕೊಂಡು ದೇವರ ಮನೆಗೆ ಹೋದಳು.

ಭಾನುವಾರ ಅವನು ಬಂದ. ಚಪ್ಪಲಿ ಬಿಟ್ಟವನು ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲೇ ನಿಂತಿದ್ದ. ಅವ್ವ ಪೂಜೆ ಮುಗಿಸಿ ಫೈಲು ಹಿಡಿದುಕೊಂಡು ಬಂದು ನನ್ನ ಕೈಗೆ ಕೊಟ್ಟಳು. ಕೊನೆಯ ಪುಟ ಎಲ್ಲದಕ್ಕಿಂತ ಮೇಲಿತ್ತು. ಚೌಕಳಿ ಅಂಗಿಯ ಕೆಳ ಅಂಚಿನಲ್ಲಿ, ಆ ಕಪ್ಪು ಗೆರೆಗಳ ನಡುವೆ, ಬೆರಳಗಲ ಕೆಂಪು. ಒದ್ದೆ ಇನ್ನೂ ಆರಿರಲಿಲ್ಲ, ಹಾಳೆ ಅಲ್ಲಿ ಸ್ವಲ್ಪ ಉಬ್ಬಿತ್ತು.

ನಾನು ಪುಟವನ್ನು ಬೆಳಕಿಗೆ ಹಿಡಿದೆ. “ಅವ್ವಾ, ಏನ ಮಾಡಿಟ್ಟಿ ಇದನ್ನ? ಅಚ್ಚಿಗೆ ಹೋಗೂ ಪುಟ ಇದು.”

“ಏನ ಮಾಡೀನಿ?” ಎಂದಳು ಅವ್ವ, ನಾನೇ ದಡ್ಡಿ ಎಂಬಂತೆ. “ಹೊಸ ಅಂಗಿ ಐತಲ್ಲ. ಕುಂಕುಮ ಹಚ್ಚೀನಿ.”

ನನ್ನ ಕೈಯ ಚಟ ನೋಡಿ, ಅಷ್ಟರಲ್ಲಿ ಡಬ್ಬಿ ತೆರೆದು ಅರ್ಧ ಬ್ಲೇಡು ಹಿಡಿದಿದ್ದೆ. ಹಾಳೆ ದಪ್ಪದ್ದು, ಒದ್ದೆ ಆರಿದ ಮೇಲೆ ಕೆರೆದರೆ ಗೊತ್ತಾಗುವುದಿಲ್ಲ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಅವನು ಬಂದು ನನ್ನ ಮಣಿಕಟ್ಟು ಹಿಡಿದುಕೊಂಡ. “ಬ್ಯಾಡ್ರಿ ಅತ್ತಿ” ಎಂದ.

ಅವ್ವ ಅವನ ಕಡೆ ತಿರುಗಿ, “ಆ ಅಂಗಿ ಐತೇನು ಇನ್ನಾ?” ಎಂದು ಕೇಳಿದಳು.

“ಐತಿ ಅಜ್ಜಿ. ಹಳೇದಾಗೈತಿ.”

“ತಾ” ಎಂದು ರೊಟ್ಟಿಗೆ ಹಿಟ್ಟು ನಾದಲು ಹೋದಳು.

ಆ ವಾರ ಮುದ್ರಣದವರು ಫೋನ್ ಮಾಡಿ, ಕೊನೆಯ ಪುಟದಲ್ಲಿ ಕೆಂಪು ಕಲೆ ಬಿದ್ದಿದೆ, ಕಂಪ್ಯೂಟರಿನಲ್ಲಿ ತೆಗೆದುಬಿಡಲೇ ಎಂದು ಕೇಳಿದರಂತೆ. ಕಲೆ ಅಲ್ಲ, ಚಿತ್ರದ್ದೇ ಭಾಗ, ಬಣ್ಣದಲ್ಲೇ ಅಚ್ಚಾಗಬೇಕು ಎಂದು ಇವನು ಹೇಳಿದ. ಒಂದು ಬೆರಳಿನ ಗುರುತಿಗೆ ಇಷ್ಟು ರಗಳೆಯೇ ಎಂದು ಗೊಣಗಿ, ಹಾಕಿದರು. ಇಡೀ ಪುಸ್ತಕ ಕಪ್ಪು ಬಿಳುಪು, ಕೊನೆಗೆ ಅಷ್ಟು ಮಾತ್ರ ಕೆಂಪು. ನಾನು ಕಂಡ ಎಷ್ಟೋ ನಕ್ಷೆಗಳಲ್ಲಿ ಕೆರೆಯದೆ ಉಳಿಸಿ ಸಂತೋಷಪಟ್ಟದ್ದು ಅದೊಂದನ್ನೇ.

ಮುಂದಿನ ಭಾನುವಾರ ಅವನು ಅಂಗಿ ತಂದ. ತೊಳೆದು ತೊಳೆದು ನೀಲಿ ಚೌಕಳಿ ಮಾಸಿತ್ತು, ಕಾಲರು ಸವೆದಿತ್ತು, ಒಂದು ಗುಂಡಿ ಬೇರೆ ಬಣ್ಣದ್ದು. ಅವ್ವ ಅದನ್ನು ಮಡಿಚಿ ಮಣೆಯ ಮೇಲಿಟ್ಟು ದೀಪ ಹಚ್ಚಿದಳು, ಬೆರಳು ಅದ್ದಿ ಅಂಚಿಗೆ ಕುಂಕುಮ ಹಚ್ಚಿದಳು. ಹೊಸ ಅರಿವಿಗೆ ಮಾಡುವ ಯಾವುದನ್ನೂ ಬಿಡಲಿಲ್ಲ.

“ಈಗ ಹಾಕ್ಕೋ” ಎಂದಳು.

ಅವನು ಹಾಕಿಕೊಂಡ. ಈಗ ಅವನ ಭುಜ ಅಗಲವಾಗಿತ್ತು, ಅಂಗಿ ಬಿಗಿಯಾಯಿತು. ಅವ್ವ ಎದುರಿಗೆ ಬಂದು ನಿಂತು, ತಲೆ ಎತ್ತಿ ಅವನ ಮುಖವನ್ನೇ ನೋಡುತ್ತ, ಮೇಲಿನಿಂದ ಒಂದೊಂದೇ ಗುಂಡಿ ಹಾಕಿದಳು.